ಡ್ರ್ಯಾಗನ್‌ಲ್ಯಾನ್ಸ್‌ನ ಮೊದಲ ಮೂರು ಪುಸ್ತಕ ಓದಿಯಾಯ್ತು, ಅದೇ ಲೋಕದ ಸ್ಪಿನ್‌ಆಫ್ ಕಾದಂಬರಿಗಳನ್ನೂ ಓದಬೇಕಾ?

ಎಲ್ಲವನ್ನೂ ಓದಬೇಡಿ. ಹಾಗಂತ ಒಂದನ್ನೂ ಮುಟ್ಟದೆ ಬಿಟ್ಟರೆ ನಷ್ಟ ನಿಮಗೇ. ಡ್ರ್ಯಾಗನ್‌ಗಳು, ಮಾಂತ್ರಿಕರು ತುಂಬಿದ ಈ ಕಲ್ಪನಾಲೋಕದ ಇಂಗ್ಲಿಷ್ ಕಾದಂಬರಿಗಳಲ್ಲಿ 1984-85ರಲ್ಲಿ ಬಂದ ಮೂಲ ಮೂರು ಪುಸ್ತಕ ಮುಗಿಸಿದ್ದೀರಿ, ಬೇರೆ ಬೇರೆಯವರು ಬರೆದ ನೂರಕ್ಕೂ ಹೆಚ್ಚು ಕಾದಂಬರಿ ಇನ್ನೂ ಬಿದ್ದಿವೆ, ಓದಿದರೆ ಟೈಮ್ ವೇಸ್ಟಾ ಅಂತ ಕೇಳಿದ್ದೀರಿ. ನಾನು ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಕೆದಕಿ ತಂದ ಇಂಥ ಪುಸ್ತಕಗಳೇ ದಾರಿಯುದ್ದಕ್ಕೂ ನನ್ನ ಜೊತೆ. ಕೆಲವು ಯಶವಂತಪುರದವರೆಗೂ ತಲೆ ಎತ್ತಲು ಬಿಡಲಿಲ್ಲ. ಕೆಲವನ್ನು ಕ್ಯಾತ್ಸಂದ್ರ ದಾಟುವ ಮೊದಲೇ ಮುಚ್ಚಿ ಬ್ಯಾಗಿಗೆ ಹಾಕಿದೆ.

ಮೊದಲು ಹಿಡಿಯಬೇಕಾದ್ದು ಮೂಲ ಬರೆದ ಅದೇ ಮಾರ್ಗರೆಟ್ ವೈಸ್, ಟ್ರೇಸಿ ಹಿಕ್‌ಮನ್ ಜೋಡಿ 1986ರಲ್ಲಿ ತಂದ ‘ಲೆಜೆಂಡ್ಸ್’ ಸರಣಿಯ ಮೂರು ಪುಸ್ತಕ. ನನ್ನ ಪ್ರಕಾರ ಇವು ಮೂಲಕ್ಕಿಂತಲೂ ಚೆನ್ನಾಗಿವೆ. ಮೊದಲ ಮೂರು ಪುಸ್ತಕ ಹುಟ್ಟಿದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನುವ, ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುವ ಆಟದ ಜೊತೆಯಲ್ಲಿ. ಹಾಗಾಗಿ ಗುಂಪು ಕಟ್ಟಿಕೊಂಡು ಹೋಗು, ಹೊಡಿ, ಮುಂದಿನ ಊರಿಗೆ ನಡಿ ಅನ್ನುವ ಧಾಟಿ ಅಲ್ಲಲ್ಲಿ ಕಾಣುತ್ತದೆ. ಇಲ್ಲಿ ಆ ಗುಂಪೇ ಇಲ್ಲ. ಯುದ್ಧ ಗೆದ್ದಾಯ್ತು, ಎಲ್ಲರೂ ಮನೆ ಸೇರಿದರು. ಆಮೇಲೆ? ನಿಮ್ಮ ವೀರ ಕ್ಯಾರಮನ್ ಕುಡುಕನಾಗಿದ್ದಾನೆ, ಮೈ ಬಿಟ್ಟಿದ್ದಾನೆ. ಹೆಂಡತಿ ಟೀಕಾ ತಡೆಯಲಾರದೆ ಅವನನ್ನು ಮನೆಯಿಂದ ಆಚೆ ಹಾಕುತ್ತಾಳೆ. ಅವಳಿ ತಮ್ಮನನ್ನು ಕಾಯುವುದೇ ಬದುಕು ಅಂದುಕೊಂಡವನಿಗೆ ತಮ್ಮ ಬೇಡ ಅಂದ ಮೇಲೆ ಉಳಿದಿದ್ದು ಬಾಟಲಿ. ಆ ತಮ್ಮ, ಮಾಂತ್ರಿಕ ರೈಸ್ಟ್ಲಿನ್ನೋ, ದೇವರಾಗಲು ಹೊರಟಿದ್ದಾನೆ! ಅವನ ಕಣ್ಣಪಾಪೆ ಮರಳು ಗಡಿಯಾರದ ಆಕಾರ ಅಂತ ನೆನಪಿದೆಯಲ್ಲ? ಏನನ್ನು ನೋಡಿದರೂ ಅದು ಮುದಿಯಾಗಿ ಬಾಡುತ್ತಿರುವುದೇ ಕಾಣುವ ಶಾಪ. ಅಂಥವನು ಯಾರನ್ನಾದರೂ ಪ್ರೀತಿಸುವುದು ಹೇಗೆ ಅನ್ನುವುದನ್ನು ಹಿಡಿದುಕೊಂಡು ಕೂರಲು ಮೂಲ ಕಥೆಗೆ ಪುರುಸೊತ್ತು ಇರಲಿಲ್ಲ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರಲ್ಲ, ಯುದ್ಧದಲ್ಲಿ ಗೆಲ್ಲೋದು ಯಾರು ಅಂತ ಅಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಆದರೂ ಕರ್ಣನ ಹತ್ತಿರ ಕುಂತಿ ಬರುವ ಸೀನಿಗೆ ಜನ ಕಂಬಳಿ ಹೊದ್ದು ಕಾದಿರುತ್ತಾರೆ. ಒಳ್ಳೆಯ ಸ್ಪಿನ್‌ಆಫ್ ಅಂದರೆ ಆ ಸೀನು.

ಕೆಟ್ಟವು ಯಾಕೆ ಅಷ್ಟು ಜಾಸ್ತಿ ಅಂದರೆ, ಈ ಲೋಕದ ಯಜಮಾನರು ಲೇಖಕರಲ್ಲ, ಕಂಪನಿ. ಆಗ ಆ ಆಟ ತರುತ್ತಿದ್ದ ಟಿಎಸ್‌ಆರ್, ಆಮೇಲೆ 1997ರಲ್ಲಿ ಅದನ್ನು ಕೊಂಡ ವಿಝರ್ಡ್ಸ್ ಆಫ್ ದ ಕೋಸ್ಟ್. ಹೊರಗಿನಿಂದ ಬಂದ ಲೇಖಕ ಮುಖ್ಯ ಪಾತ್ರವನ್ನು ಸಾಯಿಸುವ ಹಾಗಿಲ್ಲ, ಮದುವೆ ಮಾಡುವ ಹಾಗಿಲ್ಲ. ಕೊನೆಯ ಪುಟಕ್ಕೆ ಎಲ್ಲವನ್ನೂ ಇದ್ದ ಜಾಗದಲ್ಲೇ ಇಟ್ಟು ಹೋಗಬೇಕು. ಆಗ ಅವನು ಬರೆಯುವುದು ಇಂಥವನ ಬಾಲ್ಯ, ಇಂಥ ಕತ್ತಿ ಎಲ್ಲಿಂದ ಬಂತು ಅನ್ನೋದನ್ನ. ಯಾರಿಗೆ ಬೇಕಿತ್ತು?

ಜಾಣರು ದೂರದ ಕಾಲಕ್ಕೋ ದೂರದ ಮೂಲೆಗೋ ಹೋಗುತ್ತಾರೆ, ಅಲ್ಲಿ ಕೈ ಕಟ್ಟುವವರು ಕಡಿಮೆ. ರಿಚರ್ಡ್ ನಾಕ್ 1988ರಲ್ಲಿ ಬರೆದ ‘ದ ಲೆಜೆಂಡ್ ಆಫ್ ಹ್ಯೂಮಾ’ ನೀವು ಓದಿದ ಕಥೆಗಿಂತ ಸಾವಿರ ವರ್ಷಕ್ಕೂ ಹಿಂದಿನದು. ಭಾಷೆ ಸಾಧಾರಣ, ಆದರೆ ಕಥೆ ಓಡುತ್ತದೆ. ಅದೇ ಕಂಪನಿಯ ಇನ್ನೊಂದು ಲೋಕ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಆರ್. ಎ. ಸಾಲ್ವಟೋರ್ ಹಿಮದ ಒಂದು ಮೂಲೆ ಹಿಡಿದ. ಅವನ ಡ್ರಿಝ್ಟ್ ಮೊದಲು ನಾಯಕನೇ ಅಲ್ಲ. ನಾಯಕನಿಗೆ ಒಬ್ಬ ಜೊತೆಗಾರ ಬೇಕು ಅಂತ ಸಂಪಾದಕಿ ಫೋನಿನಲ್ಲಿ ಕೇಳಿದಾಗ ಆ ಕ್ಷಣಕ್ಕೆ ಹೊಳೆದ ಪಾತ್ರ. ಕೊನೆಗೆ ಇಡೀ ಸರಣಿಯೇ ಅವನದಾಯಿತು.

ಕೊಳ್ಳುವಾಗ ಮುಖಪುಟದ ಲೋಗೋ ನೋಡಬೇಡಿ, ಲೇಖಕರ ಹೆಸರು ನೋಡಿ. ‘ಲೆಜೆಂಡ್ಸ್’ ಮೂರನ್ನೂ ಒಟ್ಟಿಗೇ ತಗೊಳ್ಳಿ, ಬಿಡಿಯಾಗಿ ಹುಡುಕಿದರೆ ನಡುವಿನದ್ದೇ ಸಿಗಲ್ಲ. ಆಮೇಲೆ ಸಾಲ್ವಟೋರ್‌ನ ‘ಹೋಮ್‌ಲ್ಯಾಂಡ್’ (1990). ಅದಕ್ಕೆ ಬೇರೆ ಯಾವುದನ್ನೂ ಮೊದಲೇ ಓದಿರಬೇಕಾಗಿಲ್ಲ. ಅದು ಹಿಡಿಸದಿದ್ದರೆ ಡ್ರಿಝ್ಟ್‌ನ ಉಳಿದ ಮೂವತ್ತು ಚಿಲ್ಲರೆ ಪುಸ್ತಕಗಳ ಗೋಜಿಗೆ ಹೋಗಬೇಡಿ.