ನನಗೇನು ಇಷ್ಟ ಎಂಬುದೇ ಮರೆತುಹೋಗಿದೆ

ಪ್ರಶ್ನೆ: ನನಗೆ 46 ವರ್ಷ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲೆಂದು ಕೆಲಸ ಬಿಟ್ಟೆ. ಎಂಟು ವರ್ಷ ಅದೇ ನನ್ನ ಬದುಕಾಗಿತ್ತು. ಅಮ್ಮ ತೀರಿಕೊಂಡು 14 ತಿಂಗಳಾಯಿತು. ರಾತ್ರಿ ಎರಡಕ್ಕೆ, ಅವರ ಮಗ್ಗುಲು ಬದಲಿಸುತ್ತಿದ್ದ ಹೊತ್ತಿಗೆ, ಈಗಲೂ ತಾನಾಗಿಯೇ ಎಚ್ಚರವಾಗುತ್ತದೆ. ಅವರ ಔಷಧಿ, ನಿದ್ದೆ, ಜ್ವರ ಎಲ್ಲವನ್ನೂ ಬರೆದಿಡುತ್ತಿದ್ದ ನೋಟುಪುಸ್ತಕ ಮೇಜಿನ ಮೇಲೆಯೇ ಇದೆ. ಅಳು ಕಡಿಮೆಯಾಗಿದೆ, ಆದರೆ ನಾನು ಯಾರೆಂಬುದೇ ತಿಳಿಯದಂತಾಗಿದೆ. ಕಳೆದ ತಿಂಗಳು ಕನ್ನಡಕ ಕೊಳ್ಳಲು ಹೋದಾಗ ಅಂಗಡಿಯವರು ಹತ್ತು ಹನ್ನೆರಡು ಫ್ರೇಮುಗಳನ್ನು ಮುಂದಿಟ್ಟು “ಯಾವುದು ಇಷ್ಟ?” ಎಂದರು. ಅರ್ಧ ಗಂಟೆ ನಿಂತು, ಏನೂ ಹೇಳಲಾಗದೆ ವಾಪಸು ಬಂದೆ. ಧ್ಯಾನ ಮಾಡಿ ನೋಡಿದೆ, “ನಾನು ಯಾರು” ಎಂದು ದಿನವೂ ಕೇಳಿಕೊಂಡೆ. ಒಳಗೆ ಬರೀ ಖಾಲಿ. ಇದು ಕಾಯಿಲೆಯೇ? ಮೊದಲಿನ ನನ್ನನ್ನು ಮರಳಿ ಪಡೆಯುವುದು ಹೇಗೆ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಆ ಕನ್ನಡಕದ ಅಂಗಡಿ. ಎಂಟು ವರ್ಷಗಳ ಕಾಲ ದಿನದ ಪ್ರತಿಯೊಂದು ನಿರ್ಧಾರವನ್ನೂ ನೀವು “ಅಮ್ಮನಿಗೆ ಏನು ಬೇಕು” ಎಂಬ ಒಂದೇ ಪ್ರಶ್ನೆಯಿಂದ ತೆಗೆದುಕೊಂಡಿದ್ದೀರಿ. ಯಾವಾಗ ಏಳಬೇಕು, ಯಾವಾಗ ಹೊರಗೆ ಹೋಗಬಹುದು, ಕಿಟಕಿ ತೆರೆದಿರಬೇಕೇ ಮುಚ್ಚಿರಬೇಕೇ ಎಂಬುದನ್ನೆಲ್ಲ ತೀರ್ಮಾನಿಸುತ್ತಿದ್ದುದು ಅವರ ದೇಹಸ್ಥಿತಿ. ಆ ಪ್ರಶ್ನೆ ಕೇಳುವ ಅಗತ್ಯವೇ ಒಂದು ದಿನ ಇಲ್ಲವಾಯಿತು; “ನನಗೆ ಏನು ಬೇಕು” ಎಂಬ ಇನ್ನೊಂದು ಪ್ರಶ್ನೆಯಾದರೋ ಎಂಟು ವರ್ಷ ಬಳಕೆಯಿಲ್ಲದೆ ಬಿದ್ದಿತ್ತು. ಹಾಗಿರುವಾಗ ಅಂಗಡಿಯಲ್ಲಿ ಉತ್ತರ ಹೊಳೆಯದಿದ್ದುದು ಆಶ್ಚರ್ಯದ ಸಂಗತಿಯಲ್ಲ. ಕಟ್ಟು ಬಿಚ್ಚಿದ ಮೇಲೆ ಕೈ ಕೆಲವು ದಿನ ಮಡಚಲು ಬಾರದಿರುತ್ತದಲ್ಲ, ಹಾಗೆ.

‘ಅಸ್ಮಿತೆಯ ಬಿಕ್ಕಟ್ಟು’ ಎಂಬ ಮಾತು ಈಗ ಹದಿಹರೆಯದವರ ಬಗ್ಗೆಯೇ ಹೆಚ್ಚು ಕೇಳಿಬರುತ್ತದೆ. ಆದರೆ ಆ ಪರಿಕಲ್ಪನೆಯನ್ನು ರೂಪಿಸಿದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಅದನ್ನು ಮೊದಲು ಬಳಸಿದ್ದು ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ನೀಡುವಾಗ. ತಾವು ಯಾರೆಂಬ ಮಾಹಿತಿಯನ್ನು ಆ ಸೈನಿಕರು ಕಳೆದುಕೊಂಡಿರಲಿಲ್ಲ; ಕಳೆದುಹೋಗಿದ್ದುದು, ಯುದ್ಧಕ್ಕೆ ಮೊದಲಿದ್ದವನೂ ಈಗ ಇರುವವನೂ ಒಬ್ಬನೇ ಎಂಬ ಒಳಗಿನ ಸಾತತ್ಯ. ನಿಮ್ಮದು ಯುದ್ಧವಲ್ಲ ನಿಜ, ಆದರೂ ದೀರ್ಘಕಾಲ ಒಂದೇ ಕರ್ತವ್ಯದಲ್ಲಿ ಮುಳುಗಿದ್ದು ಅದು ಥಟ್ಟನೆ ಮುಗಿದವರ ಸ್ಥಿತಿ ಇದಕ್ಕೆ ಹತ್ತಿರದ್ದು. ಅದು ತಾನಾಗಿಯೇ ಕಾಯಿಲೆಯಾಗುವುದಿಲ್ಲ.

ಕಾಯಿಲೆ ಅದರ ಜೊತೆಗೆ ಸೇರಿಕೊಂಡಿರಬಹುದು ಎಂಬುದು ಬೇರೆ ಮಾತು. ದಿನದ ಬಹುಪಾಲು ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರಗಳಿಗೂ ಮೀರಿ ನಡೆದಿದ್ದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆಗಳೂ ಕೆಟ್ಟಿದ್ದರೆ, ಅದು ಖಿನ್ನತೆಯೋ ಅಲ್ಲವೋ ಎಂಬುದನ್ನು ಮನೋವೈದ್ಯರು ಪರೀಕ್ಷಿಸಿ ಹೇಳಬೇಕು. ರಾತ್ರಿ ಎರಡರ ಎಚ್ಚರದ ಸಂಗತಿಯನ್ನು ಅವರಿಗೆ ತಪ್ಪದೆ ತಿಳಿಸಿ. ಬದುಕು ಸಾಕೆನ್ನುವ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಈ ಪತ್ರಿಕೆಯನ್ನು ಪಕ್ಕಕ್ಕಿಟ್ಟು ಇಂದೇ ಹೋಗಿ.

ಇನ್ನು “ನಾನು ಯಾರು” ಎಂಬ ಪ್ರಶ್ನೆ. ಸಾಧಕರಿಗೆ ಅದು ದೊಡ್ಡ ಪ್ರಶ್ನೆಯೇ, ಅವರ ದಾರಿಯನ್ನು ಅವರಿಗೇ ಬಿಡೋಣ. ದಣಿದ ಮನಸ್ಸು ಅದನ್ನೇ ದಿನವೂ ಕೇಳಿಕೊಳ್ಳುತ್ತಿದ್ದರೆ ಅದು ಆತ್ಮಾವಲೋಕನವಾಗಿ ಉಳಿಯದೆ ಬರೀ ಮೆಲುಕಾಗುತ್ತದೆ. ಹೀಗೆ ತನ್ನ ಬೇಸರವನ್ನೇ ಮೆಲುಕು ಹಾಕುವವರಲ್ಲಿ ಕುಗ್ಗಿದ ಸ್ಥಿತಿ ಇನ್ನಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್ ಹೂಕ್ಸೆಮಾ ವಿವರವಾಗಿ ತೋರಿಸಿದ್ದಾರೆ. “ನಿಮ್ಮನ್ನು ನೀವು ಪ್ರೀತಿಸಿ” ಎಂಬ ಉಪದೇಶವನ್ನೂ ನಿಮಗೆ ಕೊಡಲಾರೆ. ಪ್ರೀತಿಸಬೇಕಾದವಳೇ ಕಾಣುತ್ತಿಲ್ಲ ಎನ್ನುತ್ತಿರುವವರಿಗೆ ಅದರಿಂದ ಏನು ಪ್ರಯೋಜನವೋ ನನಗೆ ಎಂದೂ ಅರ್ಥವಾಗಿಲ್ಲ.

ಅದರ ಬದಲು ಆ ನೋಟುಪುಸ್ತಕವನ್ನು ಕೈಗೆತ್ತಿಕೊಳ್ಳಿ. ಅದರಲ್ಲಿ ಬರೆಯಲು ಮನಸ್ಸು ಬಾರದಿದ್ದರೆ ಹೊಸದೊಂದನ್ನು ಇಟ್ಟುಕೊಳ್ಳಿ. ಅಮ್ಮನ ದಿನವನ್ನು ಬರೆದಂತೆಯೇ ನಿಮ್ಮ ದಿನವನ್ನು ಬರೆಯಿರಿ. ಭಾವನೆಗಳ ವಿಶ್ಲೇಷಣೆ ಬೇಡ. ಎಷ್ಟು ಹೊತ್ತಿಗೆ ಏನು ಮಾಡಿದಿರಿ, ಆಗ ಮನಸ್ಸು ಕೊಂಚ ಹಗುರಾಯಿತೇ ಭಾರವಾಯಿತೇ, ಇಷ್ಟೇ ಸಾಕು. “ಬೆಳಿಗ್ಗೆ 10: ಪಕ್ಕದ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಟ್ಟೆ, ಹಗುರ. ಸಂಜೆ 6: ಫೋನಿನಲ್ಲಿ ಸಂಬಂಧಿಕರ ಸಾಂತ್ವನ, ಭಾರ.” ಅಮ್ಮನ ಸಣ್ಣ ಬದಲಾವಣೆಗಳನ್ನೂ ಎಂಟು ವರ್ಷ ಗಮನಿಸಿ ದಾಖಲಿಸಿದ ಕಣ್ಣು ನಿಮ್ಮದು; ಆ ಕಣ್ಣನ್ನು ಒಂದಿಷ್ಟು ಕಾಲ ನಿಮ್ಮ ಕಡೆಗೇ ತಿರುಗಿಸಿಕೊಳ್ಳಿ ಎಂದಷ್ಟೇ ನಾನು ಕೇಳುತ್ತಿದ್ದೇನೆ. ಎರಡು ಮೂರು ವಾರಗಳಲ್ಲಿ ‘ಹಗುರ’ ಎಂದು ಬರೆದ ಸಾಲುಗಳು ಯಾವುವೆಂದು ಕಾಣತೊಡಗುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿ, ಮನಸ್ಸಿರಲಿ ಬಿಡಲಿ, ವಾರದಲ್ಲಿ ಎರಡು ದಿನ ನಿಗದಿತ ಹೊತ್ತಿಗೆ ಮಾಡಿ. ಉತ್ಸಾಹ ಬಂದ ಮೇಲೆ ಮಾಡೋಣ ಎಂದು ಕಾಯುವುದಕ್ಕಿಂತ, ಮೊದಲು ಮಾಡಿ ಉತ್ಸಾಹ ಹಿಂದೆ ಬರಲು ಬಿಡುವ ಈ ಕ್ರಮವನ್ನು ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದಲೂ ಬಳಸುತ್ತ ಬಂದಿದ್ದಾರೆ.

ನೆನಪಿನ ವಿಷಯದಲ್ಲಿಯೂ ಒಂದು ಮಾತಿದೆ. ಮನಸ್ಸು ಕುಗ್ಗಿದಾಗ ನೆನಪುಗಳು ಮೊಂಡಾಗುತ್ತವೆ. ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ತೀವ್ರ ಸಂಕಟದಲ್ಲಿದ್ದವರಿಗೆ ಒಂದೊಂದು ಪದ ಕೊಟ್ಟು ಅದಕ್ಕೆ ಸಂಬಂಧಿಸಿದ ಒಂದು ಘಟನೆಯನ್ನು ಹೇಳಲು ಕೇಳಿದಾಗ, ಅವರಲ್ಲಿ ಹಲವರು ಇಂಥ ದಿನ ಇಂಥದ್ದು ನಡೆಯಿತು ಎನ್ನುವ ಬದಲು “ಆಗೆಲ್ಲ ಹಾಗಿರುತ್ತಿತ್ತು” ಎಂಬ ಧಾಟಿಯ ಉತ್ತರ ಕೊಟ್ಟರು. ನೀವೂ “ಮೊದಲಿನ ನಾನು” ಎಂದಿದ್ದೀರಿ, ಆದರೆ ಆಕೆ ಮಾಡಿದ ಒಂದು ಕೆಲಸವನ್ನೂ, ಆಡಿದ ಒಂದು ಮಾತನ್ನೂ ಪತ್ರದಲ್ಲಿ ಹೇಳಿಲ್ಲ. ಆಕೆಯನ್ನು ಬಲ್ಲ ಹಳೆಯ ಸಹೋದ್ಯೋಗಿಯೊಬ್ಬರನ್ನು ಭೇಟಿಯಾಗಿ, “ನಾನು ಯಾವುದಕ್ಕೆ ಜಗಳವಾಡುತ್ತಿದ್ದೆ?” ಎಂದು ಕೇಳಿ ನೋಡಿ. ಮೆಚ್ಚುಗೆಯ ಮಾತುಗಳಿಗಿಂತ ಜಗಳದ ನೆನಪಿನಲ್ಲಿ ಮನುಷ್ಯರು ಸ್ಪಷ್ಟವಾಗಿ ಸಿಗುತ್ತಾರೆ ಎಂಬುದು ನನ್ನ ಅನುಭವ.

ಆದರೂ ಆಕೆ ಇದ್ದಂತೆಯೇ ಮರಳಿ ಬರುತ್ತಾಳೆಂದು ನಾನು ಭರವಸೆ ಕೊಡಲಾರೆ, ಬರಬೇಕೆಂದೂ ನನಗನ್ನಿಸುವುದಿಲ್ಲ. ನೋವಿನಲ್ಲಿರುವವರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತಿರುವುದು ಆಕೆಗೆ ತಿಳಿದಿರಲಿಲ್ಲ, ನಿಮಗೆ ತಿಳಿದಿದೆ. ಆ ಎಂಟು ವರ್ಷಗಳನ್ನು ಕಳೆದು ಲೆಕ್ಕ ಹಾಕಿದರೆ ಸಿಗುವವಳು ನೀವಾಗಿರುವುದಿಲ್ಲ.

ಕನ್ನಡಕದ ಅಂಗಡಿಗೆ ಮತ್ತೆ ಹೋಗಿ. “ಯಾವುದು ಇಷ್ಟ” ಎಂಬ ಪ್ರಶ್ನೆಗೆ ಈಗಲೇ ಉತ್ತರಿಸಬೇಕಾಗಿಲ್ಲ; ಬೇಡವಾದದ್ದನ್ನು ಒಂದೊಂದಾಗಿ ಪಕ್ಕಕ್ಕಿಡುತ್ತ ಬನ್ನಿ. ಬಹಳ ಕಾಲ ಸುಮ್ಮನಿದ್ದ ಮನಸ್ಸು ‘ಬೇಕು’ ಎನ್ನುವುದಕ್ಕಿಂತ ‘ಬೇಡ’ ಎನ್ನುವುದನ್ನು ಬೇಗ ಹೇಳುತ್ತದೆ. ಕೊನೆಗೆ ಎರಡು ಉಳಿದರೆ ಕನ್ನಡಿಯ ಮುಂದೆ ಎರಡನ್ನೂ ಹಾಕಿಕೊಂಡು ನೋಡಿ ಒಂದನ್ನು ಕೊಳ್ಳಿ. ಮನೆಗೆ ಬಂದ ಮೇಲೆ ಇನ್ನೊಂದೇ ಚೆನ್ನಾಗಿತ್ತು ಎನಿಸಿದರೆ, ಅದನ್ನೂ ನೋಟುಪುಸ್ತಕದಲ್ಲಿ ಬರೆದಿಡಿ.