ಸೂಜಿ ಕಂಡರಲ್ಲ, ಜನರನ್ನು ಕಂಡರೆ ಹೆದರಿಕೆ

ಪ್ರಶ್ನೆ: ಅಕ್ಕಾ, ನಾನು ಶಿರಸಿ ಹತ್ತಿರದ ಹಳ್ಳಿಯವಳು. ಪಿಯುಸಿ ಸೈನ್ಸ್ ಮುಗಿದಿದೆ, ಬಿ.ಎಸ್ಸಿ. ನರ್ಸಿಂಗ್ ಸೇರುವ ಆಸೆ. ಸೂಜಿ, ರಕ್ತ, ಗಾಯ ಯಾವುದಕ್ಕೂ ನನಗೆ ಹೆದರಿಕೆಯಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ನಾನೇ. ಅವಳ ಹಿಮ್ಮಡಿ ಕೆಂಪಾಗಿದ್ದನ್ನು ಡಾಕ್ಟರಿಗೆ ಮೊದಲು ತೋರಿಸಿದವಳೂ ನಾನೇ. ಹೆದರಿಕೆ ಇರುವುದು ಜನರನ್ನು ಕಂಡರೆ. ಕಾರವಾರದಲ್ಲಿ ನರ್ಸ್ ಆಗಿರುವ ಚಿಕ್ಕಮ್ಮ 'ಕೆಲಸ ಕಷ್ಟವಲ್ಲ, ಸಂಗಡದವರು ಕಷ್ಟ' ಎನ್ನುತ್ತಾಳೆ. ಸೀನಿಯರ್‌ಗಳು ಎಲ್ಲರೆದುರು ಬಯ್ಯುತ್ತಾರಂತೆ. ಗುಂಪು ಕಟ್ಟಿಕೊಂಡು ಚಾಡಿ ಹೇಳುತ್ತಾರಂತೆ. ಕೊಂಕಣಿ ಬಾರದವರು ಬೇರೆಯೇ ಉಳಿದುಬಿಡುತ್ತಾರಂತೆ. ಪಿಯು ಹಾಸ್ಟೆಲಿನಲ್ಲೂ ನಾನು ಒಬ್ಬಳೇ ಕೂತು ಊಟ ಮಾಡಿದವಳು. ನನ್ನಂಥವಳಿಗೆ ಈ ಕೆಲಸ ಆದೀತೇ?

ಉತ್ತರ: ತಂಗಿ, ಚಿಕ್ಕಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ನಾನೂ ಅದನ್ನೆಲ್ಲ ಕಂಡಿದ್ದೇನೆ. ಕೈಗೆ ಮೀರಿದಷ್ಟು ರೋಗಿಗಳು, ಸಾಲಾಗಿ ಬೀಳುವ ನೈಟ್ ಡ್ಯೂಟಿ, ಹಬ್ಬಕ್ಕೆ ಸಿಗದ ರಜೆ, ಮೇಲಿನವರ ಬೈಗುಳ. ಈ ಸಿಟ್ಟೆಲ್ಲ ಕೊನೆಗೆ ಇಳಿಯುವುದು ಹೊಸದಾಗಿ ಬಂದ ಹುಡುಗಿಯ ಮೇಲೆ. ಕಾರಣ ಹೇಳಿದೆನೇ ಹೊರತು ಅದು ಸರಿ ಎನ್ನುತ್ತಿಲ್ಲ.

ಆದರೆ ಊಟದ ಹೊತ್ತಿನ ಹರಟೆಯನ್ನೂ ಡ್ಯೂಟಿಯ ಮಾತನ್ನೂ ನೀನು ಒಂದೇ ಎಂದುಕೊಂಡಿದ್ದೀ. ಹರಟೆ ಬಾರದಿದ್ದರೂ ಒಳ್ಳೆಯ ನರ್ಸ್ ಆಗಬಹುದು. ಡ್ಯೂಟಿಯ ಮಾತು ಮಾತ್ರ ಬರಲೇಬೇಕು, ಅದನ್ನು ಯಾರು ಬೇಕಾದರೂ ಕಲಿಯಬಹುದು. ಬೆಳಿಗ್ಗೆ 8ಕ್ಕೆ ನೈಟ್‌ನವರು ಇಳಿದು ಮಾರ್ನಿಂಗ್‌ನವರು ಬರುವಾಗ ಇಬ್ಬರೂ ಹಾಸಿಗೆಯಿಂದ ಹಾಸಿಗೆಗೆ ನಡೆದು ಹ್ಯಾಂಡ್‌ಓವರ್ ಮಾಡುತ್ತಾರೆ. 'ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ರಾತ್ರಿ 2ಕ್ಕೆ ಜ್ವರ 101 ಇತ್ತು, ಪ್ಯಾರಾಸಿಟಮಾಲ್ ಕೊಟ್ಟಾಗಿದೆ. ಹನ್ನೆರಡು ತಾಸಿನಲ್ಲಿ ಯೂರಿನ್ 300 ಎಂಎಲ್ ಅಷ್ಟೇ ಬಂದಿದೆ, ಕಮ್ಮಿ. ಡ್ಯೂಟಿ ಡಾಕ್ಟರಿಗೆ ಹೇಳಿದ್ದೇನೆ, ರೌಂಡ್ಸಿನಲ್ಲಿ ನೆನಪು ಮಾಡಿ. ಡ್ರಿಪ್‌ಗೆಂದು ಕ್ಯಾನುಲಾ ಹಾಕಿದ ಜಾಗ ಊದಿದೆ, ನೋಡಿ.' ಇಷ್ಟು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಯಾರನ್ನೂ ನಗಿಸುವುದು ಬೇಕಿಲ್ಲ, ಒಲಿಸಿಕೊಳ್ಳುವುದು ಬೇಕಿಲ್ಲ. ಕಣ್ಣಿಟ್ಟು ನೋಡಿರಬೇಕು, ಕಂಡದ್ದನ್ನು ಬಿಡದೆ ಹೇಳಬೇಕು. ಅಜ್ಜಿಯ ಹಿಮ್ಮಡಿ ಕೆಂಪಾಗಿದೆ ಎಂದು ಡಾಕ್ಟರಿಗೆ ಹೇಳಿದೆಯಲ್ಲ, ಅದೂ ಇದೇ ಜಾತಿಯ ಮಾತು. ಆವತ್ತು ನಿನಗೆ ಸಂಕೋಚ ಅಡ್ಡ ಬರಲಿಲ್ಲ. ಕಮ್ಮಿ ಮಾತಾಡುವ, ಹೆಚ್ಚು ನೋಡುವ ಹುಡುಗಿಯರು ಕ್ರಮೇಣ ವಾರ್ಡಿಗೆ ಬೇಕಾದವರಾಗುತ್ತಾರೆ. ನೈಟ್‌ಗೆ ಅವರು ಜೊತೆಗಿದ್ದರೆ ಉಳಿದವರಿಗೆ ಧೈರ್ಯ.

ನಿನ್ನ ಬಗ್ಗೆ ನನಗೆ ಚಿಂತೆ ಇರುವುದು ಬೇರೆ ಕಡೆ. ಬಯ್ಯುತ್ತಾರೆ ಎಂದು ಹೆದರಿ ಅನುಮಾನವನ್ನು ಬಾಯಲ್ಲೇ ಇಟ್ಟುಕೊಂಡೀಯೆ ಎಂದು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆಯದು ಬರುತ್ತದೆ: ಪ್ರತಿ ಎಂಎಲ್‌ಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 10 ಅಲ್ಲ, 25 ಯೂನಿಟ್. ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಕುತ್ತು ಬರಬಹುದು. ಸಿರಿಂಜು ಕೈಯಲ್ಲಿ ಹಿಡಿದ ವಿದ್ಯಾರ್ಥಿನಿಗೆ ಏನೋ ಸರಿಯಿಲ್ಲ ಅನ್ನಿಸಿರುತ್ತದೆ, ಸೀನಿಯರ್ ಸಿಸ್ಟರ್ ಮುಖ ಗಂಟಿಕ್ಕಿಕೊಂಡು ರಿಜಿಸ್ಟರ್ ಬರೆಯುತ್ತಿರುತ್ತಾರೆ. ಆಗ 'ಸಿಸ್ಟರ್, ಒಂದ್ಸಲ ಇದನ್ನ ನೋಡ್ತೀರಾ' ಎನ್ನಲೇಬೇಕು. 'ಇಷ್ಟೂ ಗೊತ್ತಿಲ್ವಾ' ಎಂದರೆ ಎನ್ನಲಿ, ತೋರಿಸಿಯೇ ಮುಂದಿನ ಕೆಲಸ. ಹೊಸಬರನ್ನು ಹೆದರಿಸಿ ಇಡುವ ವಾರ್ಡು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಅಲ್ಲಿ ಮಕ್ಕಳು ಕೇಳುವುದನ್ನೇ ಬಿಡುತ್ತಾರೆ, ಪೆಟ್ಟು ಬೀಳುವುದು ಹಾಸಿಗೆಯಲ್ಲಿ ಮಲಗಿದವರಿಗೆ. ಕಾರವಾರದ ಜಿಲ್ಲಾಸ್ಪತ್ರೆಯ ಜೊತೆಗೆ 2016ರಲ್ಲಿ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಅಲ್ಲಂತೂ ಪ್ರಶ್ನೆ ಕೇಳುವ ಮಕ್ಕಳು ಹೊಸತಲ್ಲ. ನೀನೂ ಕೇಳು.

ಬೈಗುಳದಲ್ಲೂ ವ್ಯತ್ಯಾಸ ನೋಡು. 'ಕೈ ತೊಳೀದೆ ಡ್ರೆಸ್ಸಿಂಗ್ ಮುಟ್ಟಿದ್ಯಾ' ಎಂದು ಗದರಿದರೆ ಧ್ವನಿ ಎಷ್ಟೇ ಒರಟಾಗಿದ್ದರೂ ಅದು ಕೆಲಸದ ಮಾತು. ತಿದ್ದಿಕೊಂಡು ಅಲ್ಲಿಗೇ ಬಿಡು, ರಾತ್ರಿ ಹಾಸಿಗೆಗೆ ಹೊತ್ತು ತರಬೇಡ. 'ನಿಂಗೆ ಸೀಟು ಕೊಟ್ಟವರಾರು', 'ಘಟ್ಟದ ಮೇಲಿನವರಿಗೆ ಎಷ್ಟು ಹೇಳಿದ್ರೂ ಅಷ್ಟೇ' ಎನ್ನುವುದು ಕಲಿಸುವ ಮಾತಲ್ಲ. ಒಮ್ಮೆ ಆದರೆ ಸಹಿಸಬಹುದು. ಪದೇಪದೇ ಆದರೆ ತಾರೀಖು, ಹೊತ್ತು, ಆಡಿದ ಮಾತು, ಎದುರಿಗಿದ್ದವರು ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ವಾರ್ಡಿನಲ್ಲಿ ಕೆಲಸ ಕಲಿಸುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗು. ಸಂಕೋಚದವರಿಗೆ ಬಾಯಲ್ಲಿ ಹೇಳುವುದಕ್ಕಿಂತ ಬರೆದದ್ದನ್ನು ಮುಂದಿಡುವುದು ಸುಲಭ. ಕಾಲೇಜಿನ ಹಿರಿಯರು ರ‍್ಯಾಗಿಂಗ್ ಮಾಡಿದರೆ 1800-180-5522 ಎಂಬ ಸಹಾಯವಾಣಿಯಿದೆ. ಮೈ ಮುಟ್ಟುವುದು, ಹೊಲಸು ಮಾತು ಇಂಥದ್ದಾದರೆ ಅಡ್ಜಸ್ಟ್ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಸ್ಪತ್ರೆ, ನರ್ಸಿಂಗ್ ಹೋಮುಗಳಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಜಾಗದಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಮೂರು ತಿಂಗಳೊಳಗೆ ದೂರು ಬರೆದುಕೊಡಬೇಕು. ವಿದ್ಯಾರ್ಥಿನಿ ಎಂಬ ಕಾರಣಕ್ಕೆ ನಿನ್ನ ದೂರನ್ನು ತಳ್ಳುವ ಹಾಗಿಲ್ಲ.

ಚಾಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸದೆ ಇದ್ದರೆ ನಿನ್ನ ಹತ್ತಿರ ತರುವುದನ್ನು ಅವರೇ ನಿಲ್ಲಿಸುತ್ತಾರೆ.

ಕೊಂಕಣಿಯ ವಿಷಯದಲ್ಲಿ ಮಾತ್ರ ಚಿಕ್ಕಮ್ಮನ ಮಾತನ್ನು ಪೂರ್ತಿ ಒಪ್ಪಲಾರೆ. ಕಾರವಾರದಲ್ಲಿ ಮನೆಮಾತು ಕೊಂಕಣಿ ಇರುವ ಇಬ್ಬರು ಸೇರಿದರೆ ಅದರಲ್ಲೇ ಮಾತಾಡುತ್ತಾರೆ, ಹೆಚ್ಚಿನ ಸಲ ನಿನ್ನನ್ನು ಹೊರಗಿಡಬೇಕೆಂದಲ್ಲ. ಬೈತಖೋಲದ ಕಡೆಯಿಂದ ಬಂದ ಮುದುಕಿಗೆ ನೋವು ಹೆಚ್ಚಾದಾಗ ಕನ್ನಡ ಬಾಯಿಗೆ ಬರುವುದಿಲ್ಲ. ನೋವು ಎಲ್ಲಿ, ಊಟ ಆಯ್ತಾ, ನಿದ್ದೆ ಬಂತಾ, ಈ ಮೂರು ನಾಲ್ಕು ಮಾತನ್ನು ಅವಳಿಗಾಗಿಯೇ ಕಲಿ. ಜೊತೆಯ ಹುಡುಗಿಯ ಹತ್ತಿರವೇ 'ಇದಕ್ಕೆ ಏನಂತೀರಿ' ಎಂದು ಕೇಳು. ಮಾತು ಶುರು ಮಾಡಲು ತಡವರಿಸುವವರಿಗೆ ಇಷ್ಟು ಸಲೀಸಾದ ದಾರಿ ಮತ್ತೊಂದು ನನಗೆ ಕಂಡಿಲ್ಲ.

ಇನ್ನೊಂದು ಸಮಾಧಾನದ ಸಂಗತಿ: ನಾಲ್ಕು ವರ್ಷ ಒಂದೇ ಗುಂಪಿನ ಕೈಯಲ್ಲಿ ನೀನು ಸಿಕ್ಕಿಬೀಳುವುದಿಲ್ಲ. ಮೆಡಿಕಲ್, ಸರ್ಜಿಕಲ್, ಮಕ್ಕಳ ವಾರ್ಡು, ಹೆರಿಗೆ ಕೋಣೆ, ಮನೋರೋಗ ವಿಭಾಗ, ಹಳ್ಳಿಯ ಆರೋಗ್ಯ ಕೇಂದ್ರ ಎಂದು ಪೋಸ್ಟಿಂಗ್ ಬದಲಾಗುತ್ತಲೇ ಇರುತ್ತದೆ. ಪದವಿ ಮುಗಿದ ಮೇಲೂ ದೊಡ್ಡ ವಾರ್ಡಿನ ಗದ್ದಲ ಆಗದಿದ್ದರೆ ಡಯಾಲಿಸಿಸ್ ಇದೆ, ಆಪರೇಷನ್ ಥಿಯೇಟರ್ ಇದೆ, ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯ ಕೆಲಸ ಇದೆ. ಅಲ್ಲೆಲ್ಲ ಸಂಗಡದವರು ಕೆಲವೇ ಜನ.

ಸೇರು ತಂಗಿ, ನನ್ನ ಅಭಿಪ್ರಾಯ ಅಷ್ಟೇ. ಆದರೆ ಸಿಇಟಿ ಆಪ್ಷನ್ ಹಾಕುವ ಮೊದಲು ಅಪ್ಪನನ್ನೋ ಚಿಕ್ಕಮ್ಮನನ್ನೋ ಕರೆದುಕೊಂಡು ಎರಡು ಮೂರು ಕಾಲೇಜು ನೋಡಿ ಬಾ. ನರ್ಸಿಂಗ್ ಕೌನ್ಸಿಲ್ ಮಾನ್ಯತೆಯ ಪತ್ರವನ್ನು ಆಫೀಸಿನಲ್ಲಿ ಕೇಳಿ ನೋಡು. ಆಮೇಲೆ ಹಾಸ್ಟೆಲಿನ ಮೂರನೇ ವರ್ಷದವರನ್ನು ಮಾತಾಡಿಸು. ಪೋಸ್ಟಿಂಗ್ ಯಾವ ಆಸ್ಪತ್ರೆಗೆ, ಇನ್‌ಸ್ಟ್ರಕ್ಟರ್ ವಾರ್ಡಿಗೆ ಜೊತೆಯಲ್ಲಿ ಬರುತ್ತಾರೋ ಹಾಜರಿ ತೆಗೆದುಕೊಂಡು ಹೋಗುತ್ತಾರೋ, ತಪ್ಪಾಯಿತು ಎಂದು ಹೇಳಿಕೊಂಡರೆ ಏನು ಮಾಡುತ್ತಾರೆ ಎಂದು ಕೇಳು. ಈ ಕೊನೆಯ ಪ್ರಶ್ನೆಗೆ ಅವರು ಉತ್ತರ ಕೊಡದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಕಾಲೇಜನ್ನು ಪಟ್ಟಿಯಲ್ಲಿ ಎಲ್ಲದಕ್ಕಿಂತ ಕೆಳಗೆ ಹಾಕು.