ಸ್ಕೀ ಅದಲುಬದಲಾದ್ರೆ ಎಂತ ಮಾಡುದು? – ಓದುಗರ ಪ್ರಶ್ನೆ, ಅಕ್ಕನ ಉತ್ತರ

ಹಿಮದಲ್ಲಿ ಜಾರ್ಲಿಕ್ಕೆ ಹೋಗುವವರ ಬಗ್ಗೆ ಹೋದ ತಿಂಗಳು ಎರಡು ಸಾಲು ಬರ್ದದ್ದಕ್ಕೆ ನಮ್ಮ ಕಾಸರಗೋಡಿನ ಆಚೆ-ಈಚೆಯಿಂದಲೇ ಇಷ್ಟು ಪ್ರಶ್ನೆ ಬರ್ತದೆ ಅಂತ ನಾನು ಗ್ರಹಿಸಿರ್ಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ, ಹೊರಗೆ ಬಿಟ್ಟ ಸ್ಕೀಯನ್ನು, ಅಂದ್ರೆ ಜಾರ್ಲಿಕ್ಕೆ ಬೂಟಿಗೆ ಸಿಕ್ಕಿಸುವ ಆ ಉದ್ದ ಹಲಗೆಯನ್ನು, ಕಾಯುದು ಹೇಗೆ ಅಂತ. ಹಾಗಾಗಿ ಈ ಸಲ ಬೇರೆ ಪ್ರಶ್ನೆ ಎಲ್ಲ ಬದಿಗಿಟ್ಟು ಇದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ಅಕ್ಕಾ ನಮಸ್ಕಾರ. ಮಗಳು ಬೆಂಗ್ಳೂರಲ್ಲಿ ಕೆಲಸದಲ್ಲಿರುದು, ಜನವರಿಯಲ್ಲಿ ಫ್ರೆಂಡ್ಸ್ ಒಟ್ಟಿಗೆ ಕಾಶ್ಮೀರದ ಗುಲ್ಮರ್ಗ್‌ಗೆ ಸ್ಕೀ ಕಲೀಲಿಕ್ಕೆ ಹೋಗ್ತಾಳಂತೆ. ಸ್ಕೀ ಅಲ್ಲೇ ಬಾಡಿಗೆಗೆ ಸಿಗ್ತದಂತೆ, ಆದ್ರೆ ಊಟಕ್ಕೆ, ಚಾಯಕ್ಕೆ ಹೋಗುವಾಗ ಎಲ್ಲರೂ ಅದನ್ನು ಹೊರಗೆ ಬಿಟ್ಟೇ ಹೋಗ್ಬೇಕಂತೆ. ಮಧೂರು ದೇವಸ್ಥಾನದ ಎದುರು ಚಪ್ಪಲಿ ಬಿಟ್ಟ ಹಾಗೆಯೇ ಆಯ್ತಲ್ಲ? ಯಾರಾದ್ರೂ ಕದ್ರೆ ಡಿಪಾಸಿಟ್ ಪೂರ್ತಿ ಹೋಗ್ತದಲ್ಲಾ ಅಂತ ನನಗೆ ಚಿಂತೆ.
– ಒಬ್ಬ ಓದುಗರು, ಬದಿಯಡ್ಕ

ಉತ್ತರ: ಚಪ್ಪಲಿಯ ಉದಾಹರಣೆ ಸರಿಯಾಗಿಯೇ ಕೊಟ್ಟಿದ್ದೀರಿ. ದೇವಸ್ಥಾನದ ಎದುರಿಂದ ಹೋದ ಚಪ್ಪಲಿಯಲ್ಲಿ ಕದ್ದದ್ದು ಎಷ್ಟು, ಗಡಿಬಿಡಿಯಲ್ಲಿ ಯಾರೋ ತನ್ನದೇ ಅಂತ ಹಾಕ್ಕೊಂಡು ಹೋದದ್ದು ಎಷ್ಟು, ಸ್ವಲ್ಪ ಯೋಚನೆ ಮಾಡಿ. ಬಾಡಿಗೆ ಸ್ಕೀಯ ಕಥೆಯೂ ಅದೇ. ಅಂಗಡಿಯವರು ಒಂದೇ ಕಂಪೆನಿಯ ಒಂದೇ ಮಾಡೆಲ್ ಹತ್ತಿಪ್ಪತ್ತು ಜೊತೆ ತಂದು ಇಟ್ಟಿರ್ತಾರೆ, ಬಣ್ಣ ಒಂದೇ, ಬರಹ ಒಂದೇ, ಎಲ್ಲವನ್ನೂ ಒಂದೇ ರ‍್ಯಾಕಿಗೆ ಒರಗಿಸಿ ಇಪ್ಪತ್ತು ಜನ ಒಟ್ಟಿಗೆ ಊಟಕ್ಕೆ ಹೋಗ್ತಾರೆ, ವಾಪಸ್ ಬರುವಾಗ ಟೀಚರ್ ಬೇಗ ಬನ್ನಿ ಬೇಗ ಬನ್ನಿ ಅಂತ ಕರೀತಿರ್ತಾರೆ, ಕೈಗೆ ಸಿಕ್ಕಿದ್ದನ್ನು ಹಾಕ್ಕೊಂಡು ಹೊರಡುದು.

ಡಿಪಾಸಿಟ್ ಹೋದ್ರೆ ಹೋಗ್ಲಿ ಅಂತ ಬಿಡ್ಬಹುದು. ನನ್ನ ಚಿಂತೆ ಬೇರೆ. ಬೇರೆಯವರ ಚಪ್ಪಲಿ ಹಾಕಿದ್ರೆ ಹೆಚ್ಚಂದ್ರೆ ಕಾಲು ಕಚ್ಚೀತು, ಬೇರೆಯವರ ಸ್ಕೀ ಹಾಕಿದ್ರೆ ಮೊಣಕಾಲು ಹೋಗ್ಬಹುದು. ಯಾಕೆ ಅಂದ್ರೆ ಬೂಟು ಸ್ಕೀಗೆ ಕಚ್ಚುವ ಜಾಗದಲ್ಲಿ ಬೈಂಡಿಂಗ್ ಅಂತ ಒಂದು ಸಾಧನ ಉಂಟು, ಅದರೊಳಗೆ ಸ್ಪ್ರಿಂಗ್. ಕಾಲು ತಿರುಚುವಷ್ಟು ಜೋರಾಗಿ ಬಿದ್ದಾಗ ಅದು ಬೂಟನ್ನು ಬಿಟ್ಟುಬಿಡ್ಬೇಕು, ಸ್ಕೀ ಒಂದು ಕಡೆ ನೀವು ಒಂದು ಕಡೆ ಆಗ್ಬೇಕು. ಎಷ್ಟು ಜೋರಿಗೆ ಬಿಡ್ಬೇಕು ಅಂತ ಅಂಗಡಿಯವರು ನಿಮ್ಮ ತೂಕ, ಎತ್ತರ, ಪ್ರಾಯ, ಬೂಟಿನ ಅಡಿಯ ಉದ್ದ, ನೀವು ಹೊಸಬರಾ ಪಳಗಿದವರಾ, ಇದನ್ನೆಲ್ಲ ಕೇಳಿ ಒಂದು ನಂಬರಿಗೆ ತಿರುಗಿಸಿ ಇಡ್ತಾರೆ. ಅದಕ್ಕೆ ಡಿನ್ ಅಂತ ಹೇಳುದು, ಲೆಕ್ಕ ಹಾಕುವ ಕ್ರಮಕ್ಕೆ ಐಎಸ್‌ಒ 11088 ಅಂತ ಒಂದು ಸ್ಟ್ಯಾಂಡರ್ಡೇ ಉಂಟು. 50 ದಾಟಿದವರಿಗೆ, 10 ವರ್ಷದೊಳಗಿನ ಮಕ್ಕಳಿಗೆ ನಂಬರ್ ಇನ್ನೂ ಕೆಳಗೆ ಇಡ್ತಾರೆ. ಸಪೂರದ ಹೊಸ ಹುಡುಗಿಗೆ ಇಟ್ಟ ನಂಬರನ್ನು 90 ಕೆಜಿಯ ಪಳಗಿದ ಗಂಡಸು ಹಾಕಿದ್ರೆ ಸುಮ್‌ಸುಮ್ನೆ ಹೋಗುವಾಗಲೇ ಸ್ಕೀ ಕಳಚಿ ಬೀಳ್ತದೆ, ಅವನದ್ದನ್ನು ಅವಳು ಹಾಕಿದ್ರೆ ಬಿದ್ದಾಗಲೂ ಕಳಚುದಿಲ್ಲ.

ಇದು ನನಗೆ ಗೊತ್ತಾದದ್ದು ಪೆಟ್ಟು ತಿಂದೇ. 2016ರ ಫೆಬ್ರವರಿ, ಉತ್ತರಾಖಂಡದ ಔಲಿಯಲ್ಲಿ. ಚಾಯ ಕುಡ್ದು ಹೊರಗೆ ಬಂದೆ, ರ‍್ಯಾಕಲ್ಲಿ ನೀಲಿ ತುದಿ, ಮೇಲೆ ಬಿಳಿ ಅಕ್ಷರ, ನನ್ನದೇ ಅಂತ ತಗೊಂಡೆ. ಬೂಟು ಟಕ್ ಅಂತ ಕೂತಿತು, ಕೂತ ಮೇಲೆ ಮತ್ತೆ ಸಂಶಯ ಎಂತಕ್ಕೆ ಬರ್ತದೆ? ಮೂರನೇ ತಿರುವಲ್ಲಿ ಬಿದ್ದೆ. ಬಲದ ಸ್ಕೀ ಕಳಚಿತು, ಎಡದ್ದು ಕಳಚ್ಲಿಲ್ಲ, ಅದು ಹಿಮದಲ್ಲಿ ಸಿಕ್ಕಿಕೊಂಡೇ ಇತ್ತು, ಮೈ ಮಾತ್ರ ತಿರುಗಿತು. ಆ ನೋವು ಈಗ ನೆನೆಸಿದ್ರೂ ಮೈ ಜುಂ ಅಂತದೆ. ಮತ್ತೆ ಕೂತು ನೋಡ್ವಾಗ ಬೈಂಡಿಂಗಿನ ಸಣ್ಣ ಕಿಟಕಿಯಲ್ಲಿ ಏಳೂವರೆ ಅಂತ ಉಂಟು, ನನ್ನದು ನಾಲ್ಕು. ಸ್ಕೀಯ ಮೇಲೆ ಉದ್ದ 163 ಸೆಂಟಿಮೀಟರ್ ಅಂತ ಬರ್ದಿತ್ತು, ನನ್ನದು 155. ಎರಡೂ ಕಣ್ಣೆದುರೇ ಇತ್ತು, ಎರಡನ್ನೂ ನಾನು ನೋಡ್ಲಿಲ್ಲ. ಊರಿಗೆ ಬಂದು ಆರು ವಾರ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲೇ ಕೂತಿದ್ದೆ.

ಹಾಗಾಗಿ ಮಗಳಿಗೆ ಹೇಳಿ, ಸ್ಕೀ ಕೈಗೆ ಬಂದ ಕೂಡ್ಲೇ ಅಂಗಡಿಯ ಒಳಗೇ ನಿಂತು ಫೋಟೋ ತೆಗೀಲಿ. ಅಂಗಡಿಯ ನಂಬರ್ ಇರುವ ಸ್ಟಿಕ್ಕರ್, ಸೆಂಟಿಮೀಟರಲ್ಲಿ ಬರ್ದ ಉದ್ದ, ಬೈಂಡಿಂಗಿನ ಎದುರಿನ ಮತ್ತು ಹಿಂದಿನ ತುಂಡಿನ ಡಿನ್ ನಂಬರ್, ಮತ್ತೆ ಬೂಟಿನ ಹಿಮ್ಮಡಿಯ ಬದಿಯಲ್ಲಿ ಮಿಲಿಮೀಟರಲ್ಲಿ ಅಚ್ಚು ಹಾಕಿದ ಉದ್ದ, 285, 305 ಅಂತೆಲ್ಲ ಇರ್ತದೆ ನೋಡಿ, ಅದು. ಮೊದ್ಲಿಂದ ಇರುವ ಗೀರು, ಒಡೆದ ಅಂಚು ಇದ್ರೆ ಅದರದ್ದೂ ಒಂದು ಇರ್ಲಿ, ವಾಪಸ್ ಕೊಡುವಾಗ ಅದು ನೀವು ಮಾಡಿದ್ದು ಅಂತ ಯಾರೂ ಹೇಳ್ಲಿಕ್ಕಾಗುದಿಲ್ಲ.

ಮತ್ತೆ ಗುರ್ತು. ನಮ್ಮ ಶಾಲೆಯ ಜಗಲಿ ನೆನಪುಂಟಾ ನಿಮಗೆ? ಜೂನ್ ತಿಂಗಳು, ಗೋಡೆಯ ಬದಿಗೆ ನಲ್ವತ್ತು ಐವತ್ತು ಕಪ್ಪು ಕೊಡೆ, ನೀರು ಇಳೀತಾ ಇರ್ತದೆ, ಸಂಜೆ ಬೆಲ್ ಹೊಡೆದ ಕೂಡ್ಲೇ ಎಲ್ಲ ಮಕ್ಕಳು ಅದರ ಮೇಲೆ ಬೀಳುದು. ನನ್ನ ಅಮ್ಮ ಕೊಡೆಯ ಬಟ್ಟೆಯ ಅಂಚಿಗೆ, ಕಡ್ಡಿಯ ತುದಿ ಬರುವಲ್ಲಿ, ಕೆಂಪು ನೂಲಲ್ಲಿ ಒಂದು ಸಣ್ಣ ಕತ್ತರಿ ಗುರ್ತು ಹೊಲಿದು ಕೊಡ್ತಿದ್ರು. ಮಡಚಿ ಇಟ್ರೂ ಆ ಕೆಂಪು ಕಾಣ್ತದೆ, ಏಳು ವರ್ಷದಲ್ಲಿ ನನ್ನ ಕೊಡೆ ಒಂದು ಸಲವೂ ಬದಲಾಗ್ಲಿಲ್ಲ. ಸ್ಕೀಗೂ ಅದೇ ಬೇಕಾದದ್ದು. ವಯರಿಗೆ ಸುತ್ತುವ ಬಣ್ಣದ ಇನ್ಸುಲೇಶನ್ ಟೇಪ್ ಒಂದು ರೋಲ್ ಬದಿಯಡ್ಕ ಪೇಟೆಯಿಂದಲೇ ತಗೊಂಡು ಹೋಗ್ಲಿ. ಹಚ್ಚುದು ಸ್ಕೀಯ ಮೇಲ್ಭಾಗಕ್ಕೆ ಮಾತ್ರ, ಮೂತಿಯ ಹತ್ರ, ಯಾಕೆ ಅಂದ್ರೆ ರ‍್ಯಾಕಲ್ಲಿ ನಿಲ್ಸಿದಾಗ ಅದೇ ಮೇಲೆ ಕಾಣುದು. ಸುತ್ತ ಸುತ್ಲಿಕ್ಕಿಲ್ಲ, ಅಡಿಗೆ, ಅಂಚಿಗೆ ಟೇಪ್ ಬಂದ್ರೆ ಜಾರುದು ಕೆಡ್ತದೆ. ಹಿಂದಿನ ದಿನ ರಾತ್ರಿ ರೂಮಲ್ಲಿ ಒರಸಿ ಒಣಗಿಸಿಯೇ ಹಚ್ಬೇಕು, ಒದ್ದೆ ಮೇಲೆ ಹಚ್ಚಿದ್ರೆ ಚಳಿಗೆ ಎದ್ದು ಬರ್ತದೆ. ಬಾಡಿಗೆ ಸ್ಕೀಗೆ ಪೈಂಟು, ಮಾರ್ಕರ್ ಎಲ್ಲ ಬೇಡ, ಟೇಪಿಗೂ ಅಂಗಡಿಯವರ ಹತ್ರ ಒಂದು ಮಾತು ಕೇಳಿದ್ರೆ ಒಳ್ಳೇದು.

ಟೇಪಿನ ಮೇಲೆ ಫೋನ್ ನಂಬರ್ ಬರಿಯುವ ಅಂದಾಜಿದ್ರೆ ಒಂದು ವಿಷಯ. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೀಲಿಕ್ಕಿಲ್ಲ, ಪೋಸ್ಟ್‌ಪೇಯ್ಡ್ ಆಗ್ಬೇಕು. ಪ್ರಿಪೇಯ್ಡ್ ಆದ್ರೆ ಉಳಿದುಕೊಂಡ ಹೋಟ್ಲಿನ ಹೆಸರು ಬರೀಲಿ, ಸಿಕ್ಕಿದವರು ಅಲ್ಲಿಗೆ ತಂದು ಕೊಟ್ಟಾರು.

ಇನ್ನು ಗೊಂಡೋಲಾ, ಅಂದ್ರೆ ಮೇಲೆ ಹೋಗುವ ಕೇಬಲ್ ಕಾರು. ಗುಲ್ಮರ್ಗಲ್ಲಿ ಕೆಳಗಿಂದ ಕೊಂಗ್ಡೂರಿಗೆ ಒಂದು ಹಂತ, ಅಲ್ಲಿಂದ ಅಫರ್ವತ್‌ಗೆ ಇನ್ನೊಂದು. ಕ್ಯಾಬಿನ್ನ ಹೊರಗಿನ ರ‍್ಯಾಕಿಗೆ ಸ್ಕೀ ಸಿಕ್ಕಿಸಿ ನಾವು ಒಳಗೆ ಕೂರುದು. ಇಳಿಯುವಾಗ ಗಾಡಿ ನಿಲ್ಲುದಿಲ್ಲ, ಮೆಲ್ಲ ಹೋಗ್ತಾ ಇರ್ತದೆ, ಒಬ್ಬ ಎಲ್ಲರದ್ದೂ ಎಳ್ದು ಕೊಡ್ತಾನೆ, ಅಲ್ಲಿ ಅದಲುಬದಲಾಗುದು ಬಹಳ ಸುಲಭ. ಬದಿಗೆ ಬಂದು ಟೇಪ್ ನೋಡಿ ಮತ್ತೆಯೇ ಕಾಲು ಹಾಕ್ಲಿ.

ಪ್ರಶ್ನೆ: ಮಗ ಆಸ್ಟ್ರಿಯಾದಲ್ಲಿ ಓದ್ತಿದ್ದಾನೆ. ವಾರಕ್ಕೊಮ್ಮೆ ಸ್ಕೀಗೆ ಹೋಗ್ತಾನೆ, ಈಗ ಸ್ವಂತ ಸ್ಕೀ ತಗೊಂಡಿದ್ದಾನೆ. 500 ಯೂರೋ ಮೇಲೆ ಆಗಿದೆ. ಲಾಕ್ ತಗೋ ಅಂದ್ರೆ ಇಲ್ಲಿ ಯಾರೂ ಕದಿಯುದಿಲ್ಲ ಅಮ್ಮಾ ಅಂತಾನೆ. ಹೌದಾ ಅಕ್ಕ?
– ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಅಲ್ಲಿಯೂ ಕದೀತಾರೆ. ಹೊಳೆಯುವ ಹೊಸ ಸ್ಕೀಗೆ ಎಲ್ಲಿಯಾದ್ರೂ ಕಣ್ಣು ಬೀಳ್ತದೆ. ಮಗ ಹೇಳುದನ್ನು ಪೂರ್ತಿ ನಂಬ್ಬೇಡಿ, ಹಾಗಂತ ನಿದ್ರೆ ಕೆಡಿಸ್ಕೊಳ್ಳುವಂಥದ್ದೂ ಅಲ್ಲ.

ಸ್ಕೀಗೆ ಅಂತಲೇ ಸಣ್ಣ ಕೇಬಲ್ ಲಾಕ್ ಸಿಗ್ತದೆ, ಎಳೆದ್ರೆ ಉದ್ದ ಬರುವಂಥದ್ದು, ಜೇಬಲ್ಲಿ ಹಿಡೀತದೆ. ಕೀ ಇರುದು ಬೇಡ, ನಂಬರಿನದ್ದೇ ಇರ್ಲಿ, ದಪ್ಪ ಗ್ಲೌಸ್ ಹಾಕಿದ ಕೈಯಿಂದ ಕೀ ಹಿಮಕ್ಕೆ ಬಿದ್ರೆ ಮತ್ತೆ ಸಿಗುದಿಲ್ಲ. ತಗೊಂಡ ದಿನವೇ 000 ಇರುದನ್ನು ಬದಲ್ಸಬೇಕು. ಕೇಬಲನ್ನು ಸ್ಕೀಯ ಮೂತಿಯ ಹತ್ರ ಸುತ್ತುವವರನ್ನು ನೋಡಿದ್ದೇನೆ, ಅದು ಜಾರಿಸಿ ತೆಗೀಲಿಕ್ಕೆ ಬರ್ತದೆ. ಬೈಂಡಿಂಗಿನ ಎದುರಿನ ತುಂಡಿಗೂ ಹಿಂದಿನ ತುಂಡಿಗೂ ನಡುವೆ, ಸ್ಕೀಯ ಸೊಂಟಕ್ಕೆ, ಎರಡೂ ಸ್ಕೀ ಸೇರಿಸಿ ಸುತ್ತಿ ರ‍್ಯಾಕಿನ ಕಂಬಕ್ಕೆ ಹಾಕ್ಬೇಕು, ಆಗ ಮೇಲೆಯೂ ಹೋಗುದಿಲ್ಲ ಕೆಳಗೆಯೂ ಹೋಗುದಿಲ್ಲ. ಕೈಯಲ್ಲಿ ಹಿಡಿಯುವ ಸ್ಕೀ ಕೋಲಿನ ಕೈಪಟ್ಟಿಯ ಒಳಗಿಂದಲೂ ದಾಟಿಸಿದ್ರೆ ಅದೂ ಭದ್ರ. ಕಟ್ಟರ್ ಹಿಡ್ಕೊಂಡೇ ಬಂದವನಿಗೆ ಇದು ಒಂದು ನಿಮಿಷದ ಕೆಲಸ, ಅದು ಸತ್ಯ. ಆದ್ರೆ ನಡೆದು ಹೋಗ್ತಾ ಚಂದ ಕಂಡದ್ದನ್ನು ಹೆಗಲಿಗೆ ಹಾಕುವವನು ಲಾಕ್ ಇಲ್ಲದ್ದಕ್ಕೆ ಹೋಗ್ತಾನೆ, ತಪ್ಪಿ ತಗೊಳ್ಳುವವನಿಗೂ ಎಳೆದಾಗ ಬಾರದಿದ್ರೆ ತನ್ನದಲ್ಲ ಅಂತ ಗೊತ್ತಾಗ್ತದೆ. ಲಾಕ್ ಹಿಮಗಟ್ಟಿದ್ರೆ ಮುಷ್ಟಿಯಲ್ಲಿ ಹಿಡಿದು ಬೆಚ್ಚ ಮಾಡ್ಬೇಕು, ಬಿಸಿನೀರು ಹೊಯ್ದ್ರೆ ಆ ನೀರೇ ಒಳಗೆ ಕೂತು ಮತ್ತೆ ಗಟ್ಟಿಯಾಗ್ತದೆ.

ಲಾಕ್ ಮರೆತ ದಿನಕ್ಕೆ ಒಂದು ಹಳೇ ಉಪಾಯ ಉಂಟು, ಜೊತೆ ಬಿಡಿಸಿ ಇಡುದು. ಒಂದು ಸ್ಕೀ ಈ ರ‍್ಯಾಕಲ್ಲಿ, ಇನ್ನೊಂದು ಇಪ್ಪತ್ತು ಹೆಜ್ಜೆ ಆಚೆ. ಅಥವಾ ಫ್ರೆಂಡಿನದ್ದು ಒಂದು ತನ್ನದು ಒಂದು ಜೊತೆ ಮಾಡಿ ಇಡುದು. ಒಂಟಿ ಸ್ಕೀ ಕದ್ದು ಯಾರಿಗೆ ಎಂತ ಪ್ರಯೋಜನ? ಆದ್ರೆ ಬದಿಯಡ್ಕದವರ ಮಗಳ ಹಾಗೆ ಬಾಡಿಗೆ ಸ್ಕೀ ತಗೊಂಡವರು ಇದನ್ನು ಖಂಡಿತ ಮಾಡ್ಬೇಡಿ, ಎಲ್ಲ ಒಂದೇ ಹಾಗೆ ಕಾಣುವಾಗ ಬಿಡಿಸಿ ಇಟ್ರೆ ಯಾರೋ ನಿಮ್ಮದೊಂದು ತನ್ನದೊಂದು ಹಾಕ್ಕೊಂಡು ಹೋಗಿ ಇಬ್ಬರ ಗತಿಯೂ ಕೆಡ್ತದೆ.

ರಾತ್ರಿ ಸ್ಕೀಯನ್ನು ಹೊರಗೆ, ಕಾರಿನ ಮೇಲೆ ಬಿಡುದೇ ಬೇಡ. ಅಲ್ಲಿ ಹೋಟ್ಲಲ್ಲಿ ಸ್ಕೀಗೆ ಬೇರೆಯೇ ಕೋಣೆ ಇರ್ತದೆ, ಕೇಬಲ್ ಕಾರಿನ ಕೆಳಗಿನ ಸ್ಟೇಶನ್ನಲ್ಲಿ ಬಾಡಿಗೆಗೆ ಲಾಕರ್, ಬೂಟು ಒಣಗ್ಸಲಿಕ್ಕೆ ಬಿಸಿಗಾಳಿಯ ವ್ಯವಸ್ಥೆ ಸಮೇತ ಇರ್ತದೆ. ವಾರವಾರ ಹೋಗುವವನಿಗೆ ಅದರ ಖರ್ಚು ದೊಡ್ಡದಲ್ಲ. ಸ್ಕೀಯ ಮೇಲೆ ಸೀರಿಯಲ್ ನಂಬರ್ ಉಂಟು, ಬೈಂಡಿಂಗಿನ ಹತ್ರ ಅಥವಾ ಸ್ಕೀಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ಅದರದ್ದೂ ಬಿಲ್ಲಿನದ್ದೂ ಫೋಟೋ ನಿಮಗೊಂದು ಕಳಿಸ್ಲಿಕ್ಕೆ ಹೇಳಿ. ಅವನ ಫೋನ್ ಹೋದ್ರೂ ನಿಮ್ಮ ಹತ್ರ ಇರ್ತದೆ. ಕದ್ದದ್ದು ಹೌದು ಅಂತಾದ್ರೆ ಅಲ್ಲಿ ಪೋಲಿಸ್ ನಂಬರ್ 133. ಇನ್ಶೂರೆನ್ಸ್ ಇದ್ರೆ ಪೋಲಿಸ್ ದೂರಿನ ಪ್ರತಿ ಕೇಳ್ತಾರೆ, ಲಾಕ್ ಹಾಕಿತ್ತಾ ಅಂತಲೂ ಕೇಳುವ ಪಾಲಿಸಿಗಳು ಉಂಟು, ಅವನ ಪಾಲಿಸಿಯಲ್ಲಿ ಎಂತ ಬರ್ದಿದೆ ಅಂತ ಈಗಲೇ ಓದಿ ನೋಡ್ಲಿ.

ಪ್ರಶ್ನೆ: ಹೋದ ವರ್ಷ ಹಿಮಾಚಲಕ್ಕೆ ಹೋಗಿದ್ದಾಗ ಬಾಡಿಗೆ ಸ್ಕೀ ವಾಪಸ್ ಕೊಡುವಾಗ ಇದು ನಮ್ಮ ಅಂಗಡಿದ್ದೇ ಅಲ್ಲ ಅಂತ ಹೇಳಿ ನನ್ನ ಹತ್ರ ದುಡ್ಡು ತಗೊಂಡ್ರು. ನಾನು ಬೇಕಂತ ಮಾಡಿದ್ದಲ್ಲ. ಆಗ ನಾನು ಎಂತ ಮಾಡ್ಬೇಕಿತ್ತು?
– ಒಬ್ಬ ಓದುಗ, ಕುಂಬಳೆ

ಉತ್ತರ: ದುಡ್ಡು ಕೊಡುವ ಮೊದಲು ಒಂದು ಗಂಟೆ ಸಮಯ ಕೇಳ್ಬೇಕಿತ್ತು ತಮ್ಮಾ. ನಿನ್ನ ಕೈಯಲ್ಲಿದ್ದ ಸ್ಕೀಯಲ್ಲಿ ಯಾವುದೋ ಅಂಗಡಿಯ ಸ್ಟಿಕ್ಕರ್ ಇದ್ದೇ ಇರ್ತದೆ. ಆ ಅಂಗಡಿಗೆ ಹೋದ್ರೆ, ನಿನ್ನ ಸ್ಕೀ ತಗೊಂಡು ಹೋದ ಪಾಪದವನೂ ಅಲ್ಲೇ ನಿಂತು ಇದೇ ಮಾತು ಕೇಳಿಸ್ಕೊಳ್ತಾ ಇರ್ತಾನೆ, ಅಥವಾ ಸಂಜೆ ಒಳಗೆ ಬರ್ತಾನೆ. ಅದಲುಬದಲಿನಲ್ಲಿ ಯಾವಾಗಲೂ ಎರಡು ಜನ ಇರ್ತಾರೆ ನೋಡು. ಅಂಗಡಿಯವರು ಒಬ್ಬರಿಗೊಬ್ಬರು ಪರಿಚಯದವರೇ ಇರ್ತಾರೆ, ಫೋನಲ್ಲೇ ಮುಗಿಯುವ ವಿಷಯ.

ಹಿಮದಲ್ಲಿ ಇರುವಾಗಲೇ ಗೊತ್ತಾದ್ರೆ ಆ ಸ್ಕೀ ಹಾಕ್ಕೊಂಡು ಹುಡುಕ್ಲಿಕ್ಕೆ ಹೋಗುದಲ್ಲ, ಯಾಕೆ ಅಂತ ಮೇಲೆ ಬರ್ದಿದ್ದೇನೆ. ತಗೊಂಡ ಜಾಗದಲ್ಲೇ ವಾಪಸ್ ಇಟ್ಟು ಅಲ್ಲೇ ಬದಿಯಲ್ಲಿ ಕಾಯುದು, ಗುಡ್ಡದ ಮೇಲೆ ಕರ್ಕೊಂಡು ಹೋಗುವ ಲಿಫ್ಟಿನ ಕೌಂಟರಲ್ಲಿ ಹೇಳಿ ಇಡುದು. ಮತ್ತೆ, ಬಾಡಿಗೆ ಚೀಟಿಯಲ್ಲಿ ಸ್ಕೀಯ ನಂಬರ್ ಬರ್ದಿದ್ದಾರಾ ಅಂತ ತಗೊಳ್ಳುವಾಗಲೇ ನೋಡ್ಬೇಕು. ಚೀಟಿಯಲ್ಲಿ ನಂಬರೇ ಇಲ್ಲದಿದ್ರೆ ಅದು ಅವರದ್ದೋ ಅಲ್ವೋ ಅಂತ ಮತ್ತೆ ಬರೀ ಬಾಯಿಮಾತೇ ಆಗ್ತದೆ. ನಿನ್ನ ಹತ್ರ ದುಡ್ಡು ತಗೊಂಡವರ ಚೀಟಿಯಲ್ಲಿ ಆ ನಂಬರ್ ಇತ್ತಾ? ಇರ್ಲಿಲ್ಲ ಅಂತಾದ್ರೆ ನಿನಗೆ ಅನ್ಯಾಯ ಆಗಿದೆ ಅಂತಲೇ ನಾನು ಹೇಳುದು.

ಪ್ರಶ್ನೆ: ಅಕ್ಕ, ಬ್ಯಾಗಲ್ಲಿ ಹಾಕುವ ಏರ್‌ಟ್ಯಾಗ್ ಇದೆಯಲ್ಲ, ಅದನ್ನೇ ಸ್ಕೀಗೆ ಅಂಟಿಸಿದ್ರೆ ಲಾಕ್ ಎಲ್ಲ ಬೇಕಾ?
– ಮುಳ್ಳೇರಿಯ

ಉತ್ತರ: ಬೇಕು. ಏರ್‌ಟ್ಯಾಗ್ ಸ್ಕೀ ಹೋದ ಮೇಲೆ ಎಲ್ಲಿ ಹೋಗಿದೆ ಅಂತ ಫೋನಲ್ಲಿ ತೋರಿಸ್ತದೆ, ಹೋಗದ ಹಾಗೆ ಮಾಡುದಿಲ್ಲ. ಅದೂ ಹತ್ತಿರದಲ್ಲಿ ಬೇರೆಯವರ ಐಫೋನ್ ಇದ್ರೆ ಮಾತ್ರ ಸುದ್ದಿ ಬರುದು, ಒಳಗಿರುವ ಬಿಲ್ಲೆಯಂಥ ಬ್ಯಾಟರಿಗೆ ವಿಪರೀತ ಚಳಿಯೂ ಆಗುದಿಲ್ಲ. ವಿಮಾನದಲ್ಲಿ ಕಳಿಸುವ ಸ್ಕೀ ಬ್ಯಾಗಿನ ಒಳಗೆ ಹಾಕಿಡಿ, ಅಲ್ಲಿ ಒಳ್ಳೇ ಉಪಯೋಗಕ್ಕೆ ಬರ್ತದೆ. ಆ ಬ್ಯಾಗುಗಳೂ ಹೆಚ್ಚಿನದ್ದು ಕಪ್ಪೇ, ಉದ್ದವೂ ಒಂದೇ, ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ.

ಪ್ರಶ್ನೆ: ಸ್ಕೀಯನ್ನು ರ‍್ಯಾಕಲ್ಲೇ ಇಡ್ಬೇಕಾ? ಹೋಟ್ಲಿನ ಗೋಡೆಗೆ ಒರಗಿಸಿದ್ರೆ ಕಿಟಕಿಯಿಂದ ಕಣ್ಣಿಗಾದ್ರೂ ಕಾಣ್ತದಲ್ಲ?
– ಪೆರ್ಲ

ಉತ್ತರ: ಕಾಣುವಲ್ಲಿ ಇಡುದು ಒಳ್ಳೇದೇ, ಆದ್ರೆ ಮಾಡಿನ ಕೆಳಗೆ ಬೇಡ. ಬಿಸಿಲು ಬಂದ ಕೂಡ್ಲೇ ಮಾಡಿನ ಹಿಮ ರಾಶಿ ರಾಶಿ ಒಟ್ಟಿಗೆ ಕೆಳಗೆ ಜಾರ್ತದೆ, ನಮ್ಮಲ್ಲಿ ಗಾಳಿಗೆ ತೆಂಗಿನ ಮಡಲು ಬಿದ್ದ ಹಾಗಲ್ಲ ಅದು, ಸ್ಕೀ ಮುರೀತದೆ, ತೆಗೀಲಿಕ್ಕೆ ಬಗ್ಗಿದವರ ಮೇಲೆಯೂ ಬೀಳ್ತದೆ. ಗೋಡೆಗೆ ಒರಗಿಸಿದ್ದು ಒಂದು ಬಿದ್ರೆ ಬದಿಯ ಹತ್ತು ಬೀಳ್ತದೆ, ಎತ್ತಿ ಇಡುವವರು ಯಾರದ್ದನ್ನು ಯಾರ ಜೊತೆಗೆ ಇಡ್ತಾರೋ ಗೊತ್ತಾಗುದಿಲ್ಲ. ರ‍್ಯಾಕಲ್ಲೇ ಇಡಿ, ದಿನಾ ಒಂದೇ ತುದಿಯಲ್ಲಿ, ಆಮೇಲೆ ಕಿಟಕಿಯ ಹತ್ರದ ಮೇಜು ಹುಡುಕಿ.